ಸುಟ್ಟ ಬಸ್ಸು, ಹಿಂಪಡೆದ ಮೊಕದ್ದಮೆ

ಗಲಭೆ ನಡೆದ ಮರುದಿನ ನಮ್ಮಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇಂಥವರಿಗೆ ಇನ್ನೂ ಕಠಿಣ ಕಾನೂನು ಬೇಕು.’ ಸುಟ್ಟು ಕರಕಲಾದ ಬಸ್ಸಿನ ಚಿತ್ರ ನೋಡಿದವರಿಗೆ ಹಾಗನ್ನಿಸುವುದು ಸಹಜ. ಮಂತ್ರಿಗಳೂ ಟೀವಿ ಮುಂದೆ ನಿಂತು ಅದನ್ನೇ ಹೇಳುತ್ತಾರೆ. ಆದರೆ ನಮ್ಮ ಕಾನೂನು ಮೆತ್ತಗಿಲ್ಲ. ಅದನ್ನು ಜಾರಿ ಮಾಡಬೇಕಾದವರೇ ಅದಕ್ಕೆ ಹಲ್ಲಿಲ್ಲದಂತೆ ನೋಡಿಕೊಳ್ಳುತ್ತಿದ್ದಾರೆ.

ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಬಂದದ್ದು 1984ರಲ್ಲಿ. ಸಾರ್ವಜನಿಕ ಆಸ್ತಿಗೆ ಬೇಕೆಂದೇ ಹಾನಿ ಮಾಡಿದರೆ 5 ವರ್ಷದವರೆಗೆ ಜೈಲು. ಹಾನಿಯಾದದ್ದು ನೀರು, ವಿದ್ಯುತ್, ಒಳಚರಂಡಿ, ಸಾರಿಗೆ, ದೂರಸಂಪರ್ಕದಂಥ ವ್ಯವಸ್ಥೆಗಾದರೆ ಸಾಮಾನ್ಯವಾಗಿ 6 ತಿಂಗಳಿಗೆ ಕಡಿಮೆಯಿಲ್ಲದ ಕಠಿಣ ಸೆರೆ. ಬೆಂಕಿ ಅಥವಾ ಸ್ಫೋಟಕ ಬಳಸಿದ್ದರೆ 10 ವರ್ಷದವರೆಗೆ. ಇದು ಸಾಲದೆಂಬಂತೆ 2009ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಯನ್ನೂ ಕೊಟ್ಟಿತು: ನಷ್ಟವನ್ನು ಹಾನಿ ಮಾಡಿದವರ ಜೊತೆಗೆ ಆ ಕಾರ್ಯಕ್ರಮದ ಸಂಘಟಕರೂ ಹೊರಬೇಕು, ಅಂದಾಜು ಮಾಡಲು ಹೈಕೋರ್ಟ್ ಕ್ಲೇಮ್ಸ್ ಕಮಿಷನರ್ ನೇಮಿಸಬಹುದು ಎಂದು. ಇಷ್ಟೆಲ್ಲ ಇರುವಾಗ 5 ವರ್ಷವನ್ನು 15 ಮಾಡಿದರೆ ಯಾರು ಹೆದರುತ್ತಾರೆ? ಕಲ್ಲು ಎತ್ತಿಕೊಂಡವನು ಶಿಕ್ಷೆ ಎಷ್ಟು ವರ್ಷ ಎಂದು ಲೆಕ್ಕ ಹಾಕುವುದಿಲ್ಲ. ಕೇಸು ನಿಲ್ಲುತ್ತದೆಯೋ, ‘ನಮ್ಮವರು’ ಬಂದಾಗ ಬಿದ್ದುಹೋಗುತ್ತದೆಯೋ ಎಂಬುದಷ್ಟೇ ಅವನ ಲೆಕ್ಕ.

ಬೀಳಿಸುವ ದಾರಿಯೂ ಕಾನೂನಿನಲ್ಲೇ ಇದೆ. ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 321ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 360. ಸರ್ಕಾರಿ ವಕೀಲರು ಕೋರ್ಟಿನ ಒಪ್ಪಿಗೆ ಪಡೆದು ಮೊಕದ್ದಮೆ ಹಿಂಪಡೆಯಬಹುದು. ಇದನ್ನು ಸ್ವತಂತ್ರವಾಗಿ ಯೋಚಿಸಿ ಮಾಡಬೇಕಾದವರು ವಕೀಲರು. ನಡೆಯುವುದು ಮಾತ್ರ ಸಂಪುಟದ ತೀರ್ಮಾನ, ಗೃಹ ಇಲಾಖೆಯ ಆದೇಶ.

ಕೇರಳದ ಉದಾಹರಣೆ ನೋಡಿ. 2015ರ ಮಾರ್ಚ್ 13ರಂದು ಬಜೆಟ್ ಮಂಡನೆ ತಡೆಯಲು ಹೊರಟ ವಿರೋಧ ಪಕ್ಷದ ಕೆಲವು ಶಾಸಕರು ವಿಧಾನಸಭೆಯ ಸಭಾಧ್ಯಕ್ಷರ ಪೀಠಕ್ಕೇ ನುಗ್ಗಿದರು. ಕುರ್ಚಿ, ಮೈಕು, ಕಂಪ್ಯೂಟರ್ ಪುಡಿಯಾದವು. ನಷ್ಟ 2,20,093 ರೂಪಾಯಿ. ಇದೇ 1984ರ ಕಾಯ್ದೆಯಡಿ ಮೊಕದ್ದಮೆ ಬಿತ್ತು. ಮರುವರ್ಷ ಅವರದೇ ಸರ್ಕಾರ ಬಂತು, ಮೊಕದ್ದಮೆ ಹಿಂಪಡೆಯಲು ಅರ್ಜಿಯೂ ಬಂತು. ಕೆಳ ನ್ಯಾಯಾಲಯ, ಹೈಕೋರ್ಟ್, ಕೊನೆಗೆ 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎಲ್ಲವೂ ಆಗದು ಎಂದವು. ಅಷ್ಟರಲ್ಲಿ ಆರೋಪಿಗಳಲ್ಲೊಬ್ಬರು ರಾಜ್ಯದ ಶಿಕ್ಷಣ ಮಂತ್ರಿ! ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಕೇರಳದ ಕಡೆ ಬೆರಳು ತೋರಿಸಿ ನಾವು ಸುಮ್ಮನಿರುವಂತಿಲ್ಲ. 2020ರಲ್ಲಿ ಕರ್ನಾಟಕದ ಬಿಜೆಪಿ ಸರ್ಕಾರ ಚುನಾಯಿತ ಪ್ರತಿನಿಧಿಗಳೂ ಆರೋಪಿಗಳಾಗಿದ್ದ 61 ಮೊಕದ್ದಮೆ ಕೈಬಿಡಲು ಹೊರಟಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಕಾಂಗ್ರೆಸ್ ಸರ್ಕಾರ 43 ಮೊಕದ್ದಮೆ ಹಿಂಪಡೆಯಲು ಆದೇಶಿಸಿತು. 2022ರಲ್ಲಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಿದ ಪ್ರಕರಣವೂ ಅದರಲ್ಲಿತ್ತು. 2025ರಲ್ಲಿ ಹೈಕೋರ್ಟ್ ಆ ಆದೇಶವನ್ನೂ ರದ್ದು ಮಾಡಿತು. ಇವೆಲ್ಲ ಆಸ್ತಿ ಹಾನಿಯ ಮೊಕದ್ದಮೆಗಳಲ್ಲ ನಿಜ. ಆದರೆ ಎಲ್ಲದರಲ್ಲೂ ಒಂದಾದ ಮೇಲೊಂದು ಪಕ್ಷ ಬರೆದ ಸಂದೇಶ ಒಂದೇ: ನಮ್ಮ ಸರದಿ ಬರುವವರೆಗೆ ಕಾಯಿರಿ.

ರೈತರ ಮೇಲೆ, ಭಾಷೆಗಾಗಿ ಬೀದಿಗಿಳಿದವರ ಮೇಲೆ ಪೊಲೀಸರು ಸುಳ್ಳು ಕೇಸು ಜಡಿಯುವುದಿಲ್ಲವೇ, ಅವನ್ನೂ ಹಿಂಪಡೆಯಬಾರದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅನುಮತಿಯಿಲ್ಲದೆ ಸೇರಿದ್ದು, ರಸ್ತೆಯಲ್ಲಿ ಕುಳಿತದ್ದು ಇಂಥವನ್ನು ಧಾರಾಳವಾಗಿ ಕೈಬಿಡಲಿ. ಪ್ರತಿಭಟನೆ ಅಪರಾಧವಲ್ಲ. ಆದರೆ ಬಸ್ಸಿಗೆ ಬೆಂಕಿ ಇಡುವುದನ್ನು ಅದೇ ಕಟ್ಟಿನಲ್ಲಿ ಸೇರಿಸಿ ‘ಹೋರಾಟಗಾರರ ಮೇಲಿನ ಕೇಸು’ ಎಂದು ಹೆಸರಿಡುವುದು ಶಾಂತವಾಗಿ ಕುಳಿತಿದ್ದವರಿಗೆ ಮಾಡುವ ಅವಮಾನ. ಇನ್ನು ನಿರಪರಾಧಿಗೆ ಬೇಕಾದದ್ದು ಸರ್ಕಾರದ ಕೃಪೆಯಲ್ಲ, ಕೋರ್ಟಿನ ಬಿಡುಗಡೆ. ಕೃಪೆಗೆ ಪಕ್ಷದ ನಂಟು ಬೇಕಾಗುತ್ತದೆ. ಅದಿಲ್ಲದ ಹುಡುಗ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾನೆ.

2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಒಂದು ಒಳ್ಳೆಯ ಮಾತು ಸೇರಿಸಿದೆ. ನೊಂದವರ ಮಾತು ಕೇಳದೆ ಮೊಕದ್ದಮೆ ಹಿಂಪಡೆಯಲು ಕೋರ್ಟು ಒಪ್ಪುವಂತಿಲ್ಲ. ಹಾಗಾದರೆ ಸುಟ್ಟ ಸರ್ಕಾರಿ ಬಸ್ಸಿನ ವಿಷಯದಲ್ಲಿ ನೊಂದವರು ಯಾರು? ಸಾರಿಗೆ ನಿಗಮವೇ? ಅದೂ ಸರ್ಕಾರದ್ದೇ. ಕೇಳುವುದೂ ಸರ್ಕಾರ, ಹೂಂ ಎನ್ನುವುದೂ ಸರ್ಕಾರವಾದರೆ ಆ ನಿಯಮ ಇದ್ದೂ ಇಲ್ಲದಂತೆ. ನಿಜವಾಗಿ ನೊಂದವರು ಬೆಳಗಿನ ಬಸ್ಸು ತಪ್ಪಿ ಪರೀಕ್ಷೆಗೆ ಹೋಗಲಾಗದ ವಿದ್ಯಾರ್ಥಿನಿ, ದಿನದ ಕೂಲಿ ಕಳೆದುಕೊಂಡ ಕಾರ್ಮಿಕ, ಬೆಂಕಿಯ ನಡುವೆ ಪ್ರಯಾಣಿಕರನ್ನು ಇಳಿಸಿದ ಕಂಡಕ್ಟರ್. ಅವರನ್ನು ಯಾವ ಕೋರ್ಟೂ ಕರೆಯುವುದಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ಹೆಚ್ಚಿನ ಶಿಕ್ಷೆಯನ್ನಲ್ಲ. ಹಿಂಪಡೆಯುವ ಪ್ರತಿ ಮೊಕದ್ದಮೆಯ ಕಾರಣ ಕೋರ್ಟಿನ ಮುಂದೆ ಹೋಗುವ ಮೊದಲೇ ಜನರ ಮುಂದೆ ಬರಲಿ. ತಕರಾರು ಹೇಳಲು ಸಾಮಾನ್ಯ ಪ್ರಯಾಣಿಕನಿಗೂ ಅವಕಾಶವಿರಲಿ. ಕೇಸು ಬಿದ್ದರೂ ನಷ್ಟದ ಲೆಕ್ಕ ಬೀಳದಿರಲಿ. ಶಾಸಕರ ಮೇಲಿನ ಮೊಕದ್ದಮೆಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂಪಡೆಯಬಾರದೆಂದು 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ನಿಯಮ ಅವರ ಹಿಂದೆ ಘೋಷಣೆ ಕೂಗುತ್ತಾ ಬಂದವರಿಗೂ ಅನ್ವಯಿಸಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಗಾದೆ. ನಮ್ಮಲ್ಲಿ ಈಗ ಉಪ್ಪು ತಿನ್ನುವವರು ಬೇರೆ, ನೀರಿನ ಬಿಲ್ಲು ಕಟ್ಟುವವರು ಬೇರೆ.