ಭಂಗಾರಕ್ಕೂ ಬಾರದ ಪ್ಲಾಸ್ಟಿಕ್

ಮುಂಬಯಿಗೆ ಹೊಸದಾಗಿ ಬಂದಾಗ ಚಾಳಿನ ಕೆಳಗೆ "ಭಂಗಾರ್‌ವಾಲಾ..." ಎಂಬ ಕೂಗು ಕೇಳಿ, ಅಬ್ಬಾ, ಈ ಊರಲ್ಲಿ ಚಿನ್ನವನ್ನೂ ಬೀದಿಯಲ್ಲಿ ಕೂಗಿ ಮಾರುತ್ತಾರಾ ಅಂದುಕೊಂಡಿದ್ದೆ! ಆಮೇಲೆ ಗೊತ್ತಾಯಿತು, ಅದು ಬಂಗಾರ ಅಲ್ಲ, ಭಂಗಾರ. ಅಂದರೆ ಗುಜರಿ. ಇಲ್ಲಿನ ಕನ್ನಡಿಗರಿಗೆ ಇದು ಹಳೇ ಜೋಕು. ಆದರೆ ಕಳೆದ ಮಳೆಗಾಲದಲ್ಲಿ ವರ್ಸೋವಾ ತೀರದಲ್ಲಿ ನಿಂತಿದ್ದಾಗ ಇದೇ ಮಾತು ಬೇರೆ ರೀತಿಯಲ್ಲಿ ನೆನಪಾಯಿತು.

ಹಿಂದಿನ ದಿನ ದೊಡ್ಡ ಉಬ್ಬರ ಬಂದಿತ್ತು. ನಾವು ಕೊಟ್ಟಿದ್ದನ್ನೆಲ್ಲ ಸಮುದ್ರ ವಾಪಸ್ ತಂದು ಹಾಕಿತ್ತು. ಚಿಪ್ಸಿನ ಪೊಟ್ಟಣ, ಶ್ಯಾಂಪೂ ಸ್ಯಾಶೆ, ತೆಳು ಚೀಲ, ಥರ್ಮೋಕೋಲ್, ಹರಿದ ನೈಲಾನ್ ಬಲೆ, ಒಂಟಿ ಚಪ್ಪಲಿ. ಇಬ್ಬರು ಹುಡುಗರು ಗೋಣಿ ಹಿಡಿದು ಆಯುತ್ತಿದ್ದರು. ಆದರೆ ಅವರು ಎತ್ತುತ್ತಿದ್ದದ್ದು ನೀರಿನ ಬಾಟಲಿ, ಗಟ್ಟಿ ಡಬ್ಬಿ ಮಾತ್ರ. "ಇದನ್ನೂ ತಗೊಳ್ಳಿ" ಎಂದು ಪೊಟ್ಟಣಗಳ ರಾಶಿ ತೋರಿಸಿದೆ. ಒಬ್ಬ ನಕ್ಕ. "ಭಂಗಾರ್‌ವಾಲಾ ಅದಕ್ಕೆ ಏನೂ ಕೊಡಲ್ಲ ಸಾಬ್" ಅಂದ.

ನನಗೆ ಅನಿಸಿದ್ದು ಇಷ್ಟೇ. ಬೆಲೆಯಿದ್ದ ಪ್ಲಾಸ್ಟಿಕ್ ಹೇಗೋ ಯಾರದೋ ಕೈ ಸೇರುತ್ತದೆ. ಬೆಲೆಯಿಲ್ಲದ್ದು ಗಟಾರ, ನಾಲೆ, ಮೀಠಿ ನದಿ ದಾಟಿ ಸಮುದ್ರ ಸೇರುತ್ತದೆ.

ಚಿಪ್ಸಿನ ಪೊಟ್ಟಣವನ್ನೇ ನೋಡಿ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಲೇಪ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್. ಅಂಟಿದ ಪದರಗಳನ್ನು ಬಿಡಿಸುವ ಖರ್ಚು ಹುಟ್ಟುವುದಿಲ್ಲ. ತೂಕವೂ ಇಲ್ಲ, ದಿನವಿಡೀ ಆಯ್ದರೂ ಒಂದು ಚಹಾದ ಕಾಸು ಬಾರದು. ಬಡ ಹುಡುಗರು ಯಾಕಾದರೂ ಬಗ್ಗಬೇಕು?

ಸಮುದ್ರಕ್ಕೆ ಹೋದದ್ದು ಕೊಳೆಯುವುದೂ ಇಲ್ಲ. ತೇಲುವ ತೆಳು ಚೀಲ ಕಡಲಾಮೆಗೆ ಜೆಲ್ಲಿ ಮೀನಿನಂತೆ ಕಾಣುತ್ತದೆ. ನುಂಗಿದರೆ ಹೊಟ್ಟೆ ತುಂಬಿದಂತಾಗುತ್ತದೆ, ಜೀವಕ್ಕೆ ಏನೂ ಸಿಗುವುದಿಲ್ಲ. 2018ರ ನವೆಂಬರಿನಲ್ಲಿ ಇಂಡೋನೇಷ್ಯಾದ ತೀರಕ್ಕೆ ಬಂದು ಬಿದ್ದ ಸತ್ತ ತಿಮಿಂಗಿಲವೊಂದರ ಹೊಟ್ಟೆಯಲ್ಲಿ ಸುಮಾರು 6 ಕಿಲೋ ಪ್ಲಾಸ್ಟಿಕ್ ಇತ್ತು, ಕುಡಿಯುವ ಲೋಟಗಳೇ 115! ಉಳಿದದ್ದು ಬಿಸಿಲಿಗೆ, ಅಲೆಗೆ ಪುಡಿಯಾಗಿ 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳಾಗುತ್ತದೆ. ಅದನ್ನು ಸಣ್ಣ ಮೀನು, ಚಿಪ್ಪುಜೀವಿಗಳು ತಿನ್ನುತ್ತವೆ. ಅವನ್ನು ನಾವು ತಿನ್ನುತ್ತೇವೆ.

ಗುಡಿಸಿದರೆ ಸಾಲದೇ ಎನ್ನಬಹುದು. ಇದೇ ವರ್ಸೋವಾದಲ್ಲಿ ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರಿನಲ್ಲಿ ಕಸ ಎತ್ತಲು ಶುರು ಮಾಡಿದರು, ಸಾವಿರಾರು ಜನ ಕೈ ಸೇರಿಸಿದರು. ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. 2018ರ ಮಾರ್ಚಿನಲ್ಲಿ ಅಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಮರಳಿನಿಂದೆದ್ದು ಕಡಲಿಗೆ ಹೋದವು. ದೊಡ್ಡ ಸಂತೋಷವೇ. ಆದರೆ ಪ್ರತಿ ಮಳೆಗಾಲದಲ್ಲೂ ಕಸ ಮತ್ತೆ ಬರುತ್ತದೆ. ನಲ್ಲಿ ತೆರೆದಿಟ್ಟು ನೆಲ ಒರೆಸಿದರೆ ಎಷ್ಟು ದಿನ?

ನಿಷೇಧಗಳಿಗೇನೂ ಕಡಿಮೆಯಿಲ್ಲ. 2005ರ ಜುಲೈ 26ರಂದು ಮುಂಬಯಿ ಮುಳುಗಿದಾಗ ಗಟಾರ ಕಟ್ಟಿದ ಚೀಲಗಳ ಮೇಲೆ ಎಲ್ಲರಿಗೂ ಸಿಟ್ಟು ಬಂತು, ನಿಯಮವೂ ಬಂತು. 2018ರಲ್ಲಿ ಮಹಾರಾಷ್ಟ್ರ ಚೀಲಗಳನ್ನೇ ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಕೆಲವು ಸಾಮಾನುಗಳಿಗೆ ನಿಷೇಧ. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟು ಇಂದಿಗೂ ತೆಳು ಚೀಲದಲ್ಲೇ ಕೈಗೆ ಬರುತ್ತದೆ. ದಂಡ ಬೀಳುವುದು ಭಾಜಿಯವಳಿಗೆ. ಕೋಟಿಗಟ್ಟಲೆ ಸ್ಯಾಶೆ ಮಾಡುವವರ ವ್ಯಾಪಾರ ನಿಂತಿಲ್ಲ.

ಚಿಕ್ಕಂದಿನಲ್ಲಿ ಊರಲ್ಲಿ ಸೋಡಾ ಬಾಟಲಿ ತಂದರೆ ಅಂಗಡಿಯವರು ಠೇವಣಿ ಹಿಡಿದುಕೊಳ್ಳುತ್ತಿದ್ದರು, ನೆನಪಿದೆಯೇ? ಖಾಲಿ ಬಾಟಲಿ ಎಲ್ಲೂ ಬಿದ್ದಿರುತ್ತಿರಲಿಲ್ಲ. ಇದು ಈಗಲೂ ನಡೆಯುತ್ತದೆ. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ತಂದರೆ ಹಿಂದಿರುಗಿಸತೊಡಗಿದರು. ಬಹುಪಾಲು ಬಾಟಲಿಗಳು ವಾಪಸ್ ಬಂದವು. ಕುಡಿದವರಿಗೂ ಹತ್ತು ರೂಪಾಯಿ ಮರೆಯಲಿಲ್ಲ ನೋಡಿ!

ಪೊಟ್ಟಣಗಳಿಗೂ ಹಾಗೆಯೇ ಬೆಲೆ ಕಟ್ಟಲಿ. ಮಾಡಿದ ಕಂಪನಿಯೇ ದುಡ್ಡು ಕೊಟ್ಟು ವಾಪಸ್ ತಗೊಳ್ಳಲಿ. ತಗೊಳ್ಳಲಾಗದಿದ್ದರೆ ಮಾಡುವುದನ್ನೇ ಬಿಡಲಿ. ವಸ್ತುವಿನ ಬೆಲೆ ನಾಲ್ಕಾಣೆ ಹೆಚ್ಚಾಗುತ್ತದೆ ನಿಜ, ಬಡವರಿಗೆ ಅದೂ ಭಾರವೇ. ಆದರೆ ಖಾಲಿ ಪೊಟ್ಟಣ ಕೊಟ್ಟವರಿಗೆ ಆ ದುಡ್ಡು ಮರಳುತ್ತದಲ್ಲ. ಈಗಲಾದರೋ ಆ ಖರ್ಚನ್ನು ಬಲೆಯಲ್ಲಿ ಮೀನಿನ ಬದಲು ಕಸ ಎಳೆಯುವ ಕೋಳಿ ಮೀನುಗಾರರು ಭರಿಸುತ್ತಿದ್ದಾರೆ.

ಅಲ್ಲಿಯವರೆಗೆ ನಮ್ಮ ಕೈಲಾದದ್ದು ಒಂದಿದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಬಿಡಿ. ತೊಳೆದು ಒಣಗಿಸಿದ ಪ್ಯಾಕೆಟ್ಟು ಭಂಗಾರಕ್ಕೆ ಹೋಗುತ್ತದೆ, ಕತ್ತರಿಸಿದ ಆ ಚೂರು ಮಾತ್ರ ಯಾರಿಗೂ ಬೇಡ. ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಈಗ ಹೇಳಬೇಕಾಗಿಲ್ಲ ಅಲ್ಲವೇ?