ದ್ವಾರಪಾಲಕನ ಮೇಲಣ ವ್ಯಾಜ್ಯ

ಕಂಪ್ಯೂಟರಿಗೆ ವೈರಸ್ಸಿನ ಬಾಧೆ ತಗಲದಂತೆ ಕಾಯತಕ್ಕ ಸಾಫ್ಟ್‌ವೇರುಗಳಲ್ಲಿ ವರ್ಷವರ್ಷವೂ ಹಣ ತೆತ್ತು ಪಡೆಯುವಂಥವು ಮೇಲೋ, ಬೆಲೆಯಿಲ್ಲದೆ ದೊರೆಯುವಂಥವು ಮೇಲೋ ಎಂಬ ಚರ್ಚೆಯು ಈಗ ಗೃಹಸ್ಥರ ಮನೆಗಳಲ್ಲಿಯೂ ನಡೆಯುತ್ತಿರುವುದು. ಪುಕ್ಕಟೆಯಾಗಿ ಬಂದದ್ದು ಕೆಲಸಕ್ಕೆ ಬಾರದೆಂದು ಒಂದು ಪಕ್ಷವು. ಕೊಂಡವನೇ ಮೋಸಹೋದವನೆಂದು ಮತ್ತೊಂದು ಪಕ್ಷವು. ಎರಡೂ ಅವಸರದ ಮಾತುಗಳೆಂದು ನಮಗೆ ತೋರುವುದು.

ಈ ಕಾವಲುಗಾರರ ವಿದ್ಯೆಯು ಸ್ಥೂಲವಾಗಿ ಎರಡು ಬಗೆಯದು. ಹಿಂದೆ ಸಿಕ್ಕಿದ ಕಳ್ಳನ ಗುರುತನ್ನು ಬರೆದಿಟ್ಟುಕೊಂಡು, ಬಂದ ಕಡತದಲ್ಲಿ ಆ ಗುರುತುಂಟೇ ಎಂದು ನೋಡುವುದು ಒಂದು. ತರ್ಕಶಾಸ್ತ್ರಜ್ಞರು ಇದನ್ನು ಪ್ರತ್ಯಭಿಜ್ಞೆಯೆನ್ನುವರು. ಗುರುತಿಲ್ಲದವನ ನಡತೆಯನ್ನು ಕಂಡು ಕಳ್ಳನಿರಬೇಕೆಂದು ಊಹಿಸುವುದು ಇನ್ನೊಂದು, ಇದು ಅನುಮಾನ. ಮೊದಲನೆಯದು ಹೊಸ ಕಳ್ಳನನ್ನು ಅರಿಯದು. ಎರಡನೆಯದು ಒಮ್ಮೊಮ್ಮೆ ಸಾಧುವನ್ನೂ ಹಿಡಿದುಬಿಡುವುದು. ಗುರುತಿನ ಪಟ್ಟಿಯೇ ತಪ್ಪಿದರಂತೂ ಹೇಳತೀರದು. 2010ರ ಏಪ್ರಿಲಿನಲ್ಲಿ ಮ್ಯಾಕಫಿ ಕಂಪನಿಯು ಕಳುಹಿಸಿದ ಒಂದು ಪಟ್ಟಿಯು ವಿಂಡೋಸ್ ಎಕ್ಸ್‌ಪಿಗೆ ಅತ್ಯಾವಶ್ಯಕವಾದ ಕಡತವನ್ನೇ ವೈರಸ್ಸೆಂದು ಬಗೆದು, ಅನೇಕ ಕಂಪ್ಯೂಟರುಗಳನ್ನು ನಿಷ್ಪ್ರಯೋಜಕಗೊಳಿಸಿತು. ಹಣ ತೆತ್ತವರಿಗೇ ಒದಗಿದ ಫಲವಿದು!

ಬೆಲೆಯಿಲ್ಲದವುಗಳಲ್ಲಿ ಪ್ರಸಿದ್ಧವಾದುದು ಕ್ಲಾಮ್‌ಎವಿ. ಪೋಲೆಂಡಿನ ತೊಮಾಶ್ ಕೊಯ್ಮ್ ಎಂಬವರು ಆರಂಭಿಸಿದ ಇದರ ಮೂಲಬರೆಹವು ಎಲ್ಲರಿಗೂ ತೆರೆದದ್ದು. ಬಲ್ಲವರು ಓದಬಹುದು, ತಿದ್ದಬಹುದು. ಮನೆಯ ಕಂಪ್ಯೂಟರಿಗೆ ಇದೊಂದೇ ಸಾಕೆಂದು ನಾವು ಹೇಳೆವು. ವಿಂಡೋಸಿನಲ್ಲಿ ಇದು ಎಬ್ಬಿಸಿದಾಗ ಎದ್ದು ಹುಡುಕುವುದೇ ಹೊರತು ಸದಾ ಎಚ್ಚತ್ತು ಕುಳಿತಿರುವುದಿಲ್ಲ. ಅಲ್ಲಿ ವಿಂಡೋಸಿನೊಡನೆಯೇ ಬರುವ ಡಿಫೆಂಡರ್ ಸಾಮಾನ್ಯ ಗೃಹಸ್ಥನಿಗೆ ಸಾಕಾದೀತು. ಕ್ಲಾಮ್‌ಎವಿಗೆ ತಕ್ಕ ಸ್ಥಾನವು ಹೆಬ್ಬಾಗಿಲು. ಅಂದರೆ ಇಮೇಲಿನ ಸರ್ವರು. ಪತ್ರವು ನಮ್ಮ ಕೈಸೇರುವ ಮೊದಲೇ ಅದನ್ನು ಅಲ್ಲಿ ಶೋಧಿಸುವುದು.

ವ್ಯಾಜ್ಯ ಹುಟ್ಟಿದುದು ಈ ಹೆಬ್ಬಾಗಿಲಿನಲ್ಲಿಯೇ. ಟೋಕಿಯೋದಲ್ಲಿ ಮುಖ್ಯ ಕಚೇರಿಯುಳ್ಳ ಟ್ರೆಂಡ್ ಮೈಕ್ರೋ ಕಂಪನಿಯು, ಜಾಲದ ದ್ವಾರದಲ್ಲಿ ಬಂದುಹೋಗುವ ಕಡತಗಳಲ್ಲಿ ವೈರಸ್ಸನ್ನು ಹುಡುಕುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಅರ್ಜಿ ಹಾಕಿ 1997ರಲ್ಲಿ ಪೇಟೆಂಟ್ ಪಡೆಯಿತು. ಕಳ್ಳನನ್ನು ಗುರುತಿಸುವ ವಿದ್ಯೆಗಲ್ಲ, ಬಾಗಿಲಲ್ಲಿ ನಿಂತು ಗುರುತಿಸುವುದಕ್ಕೆ ಎಂಬುದನ್ನು ವಾಚಕರು ಗಮನಿಸಬೇಕು. ಇದರ ಬಲದಿಂದ 2005ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವಾಣಿಜ್ಯ ಆಯೋಗದ ಮುಂದೆ ಫೋರ್ಟಿನೆಟ್ ಕಂಪನಿಯನ್ನು ಗೆದ್ದಿತು. ಬಳಿಕ ಬರಾಕುಡಾ ನೆಟ್‌ವರ್ಕ್ಸ್ ಕಂಪನಿಯ ಸರದಿ. ಇದು ಕ್ಲಾಮ್‌ಎವಿಯನ್ನು ತನ್ನ ಯಂತ್ರದಲ್ಲಿ ಅಳವಡಿಸಿ ಮಾರುತ್ತಿದ್ದಿತು. ಪರವಾನಗಿ ಪಡೆಯೆಂದು ಒತ್ತಾಯ ಬಂದಾಗ ಬರಾಕುಡಾ 2007ರಲ್ಲಿ ತಾನೇ ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷ ಟ್ರೆಂಡ್ ಮೈಕ್ರೋ ಆಯೋಗಕ್ಕೆ ದೂರಿತ್ತಿತು. 2008ರ ಜನವರಿಯಲ್ಲಿ ಬರಾಕುಡಾ ಸಾರ್ವಜನಿಕರಲ್ಲಿ ಮೊರೆಯಿಟ್ಟಿತು: ಆ ಅರ್ಜಿಗಿಂತ ಮೊದಲೇ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಸಾಕ್ಷ್ಯ ಕೊಡಿರೆಂದು. ಸಿದ್ಧವಾಗಿರುವುದನ್ನೇ ಮತ್ತೆ ಸಾಧಿಸಹೊರಡುವುದು ನ್ಯಾಯಶಾಸ್ತ್ರದಲ್ಲಿ ಸಿದ್ಧಸಾಧನವೆಂಬ ದೋಷ. ಪೇಟೆಂಟಿನ ಕಾನೂನಿನಲ್ಲಿಯೂ ಅದು ದೋಷವೇ.

ಶ್ರಮಪಟ್ಟು ಹೊಸದನ್ನು ಕಂಡವನಿಗೆ ಫಲ ಸಲ್ಲಬೇಕೆಂಬುದನ್ನು ನಾವು ಅಲ್ಲಗಳೆಯೆವು. ದೂರು ಕ್ಲಾಮ್‌ಎವಿಯನ್ನು ಬರೆದವರ ಮೇಲಿರಲಿಲ್ಲ, ಅದನ್ನಿಟ್ಟು ಯಂತ್ರ ಮಾರಿದವರ ಮೇಲಿದ್ದಿತೆಂಬುದೂ ನಿಜ. ಆದರೆ ಮಾರುವವನು ಶುಲ್ಕವನ್ನು ತನ್ನ ಬೆಲೆಗೆ ಸೇರಿಸಿಯಾನು. ಬೆಲೆಯೇ ಇಲ್ಲದೆ, ಪ್ರತಿಗಳ ಲೆಕ್ಕವೂ ಇಲ್ಲದೆ ಹಂಚುವ ಕೃತಿಗೆ ಅದನ್ನು ಎಲ್ಲಿ ಸೇರಿಸುವುದು? ತನ್ನ ಇಮೇಲಿನ ಸರ್ವರಿಗೆ ಇದನ್ನು ಕಾವಲಿಟ್ಟುಕೊಂಡ ಸಣ್ಣ ಶಾಲೆಯೋ ಪುಸ್ತಕಭಂಡಾರವೋ ನೋಟೀಸಿಗೆ ಹೆದರಿ ಕಾವಲನ್ನೇ ತೆಗೆದುಹಾಕಿದರೆ, ಅಲ್ಲಿ ಹೊಕ್ಕ ವೈರಸ್ಸು ಅಲ್ಲಿಯೇ ನಿಲ್ಲದು. ಅಲ್ಲಿಂದ ಪತ್ರ ಪಡೆಯುವವರೆಲ್ಲರ ಮನೆಗೂ ಬರುವುದು. ಆದಕಾರಣ ಬಾಗಿಲಲ್ಲಿ ನಿಲ್ಲುವ ಹಕ್ಕನ್ನು ಒಬ್ಬನ ಸೊತ್ತಾಗಿಸುವುದು ನಮಗೆ ಸರಿಯೆನಿಸದು.

ನಮ್ಮ ದೇಶದ ಕಾನೂನೇನೆಂದು ವಾಚಕರು ಕೇಳಬಹುದು. 1970ರ ಪೇಟೆಂಟ್ ಅಧಿನಿಯಮದ 3ನೆಯ ಪ್ರಕರಣವು ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಸಲ್ಲದೆನ್ನುವುದು. 2004ರ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆಯು ಈ ಬೇಲಿಯನ್ನು ಸಡಿಲಿಸಿದ್ದಿತು; 2005ರಲ್ಲಿ ಸಂಸತ್ತು ಹಳೆಯ ಮಾತನ್ನೇ ಉಳಿಸಿತು. ‘ಬರಿಯ’ ಎಂಬ ಆ ಪದದ ಅರ್ಥವನ್ನು ವಕೀಲರು ಇನ್ನೂ ಎಳೆದಾಡುತ್ತಿರುವರು. ಅತ್ತ ಅಮೆರಿಕದ ಆ ಪೇಟೆಂಟಿನ 20 ವರ್ಷಗಳು 2015ರಲ್ಲಿ ತೀರಿದುವು. ಕ್ಲಾಮ್‌ಎವಿಯು 2013ರಿಂದ ಸಿಸ್ಕೋ ಕಂಪನಿಯ ಆಶ್ರಯದಲ್ಲಿದ್ದು, ಈಗಲೂ ಬೆಲೆಯಿಲ್ಲದೆಯೇ ದೊರೆಯುತ್ತಿರುವುದು.