ಬೀದಿಯ ಲೆಕ್ಕ ಬೀದಿಯವರೇ ಹಾಕಿದಾಗ

ಪ್ರಯೋಗ ಎಂದೊಡನೆ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ಪ್ರನಾಳ, ಬನ್ಸೆನ್ ಬರ್ನರ್, ಮೇಜಿನ ಮೇಲೆ ತೂಗುವ ಲೋಲಕ. ಆದರೆ ಬಿಳಿ ಕೋಟು ಧರಿಸದ ಜನ ತಮ್ಮ ಬೀದಿಯಲ್ಲೇ ನಿಂತು ಪ್ರಯೋಗ ನಡೆಸಿದ್ದೂ ಉಂಟು. ಅದರ ಫಲಿತಾಂಶದಿಂದ ಸಾವಿರಾರು ಜನರ ಮನೆಮಠ ಉಳಿದದ್ದೂ ಉಂಟು. ಅಮೆರಿಕದ ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಎಂಬ ಹಳೆಯ ಬಡಾವಣೆಯ ಕಥೆ ಅಂಥದ್ದು.

ಹೆಸರಿನಲ್ಲಿ ವಿಲೇಜ್ ಇದ್ದರೂ ಅದು ಹಳ್ಳಿಯಲ್ಲ. ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳ, ಓರೆಕೋರೆ ಬೀದಿಗಳ ಪ್ರದೇಶ. ಕೆಳಗೆ ಅಂಗಡಿ, ಮೇಲೆ ಮನೆ. ಅದರ ನಡುವೆ ಸುಮಾರು ಹತ್ತು ಎಕರೆಯ ವಾಷಿಂಗ್ಟನ್ ಚೌಕದ ಉದ್ಯಾನ. ಉದ್ಯಾನದ ಉತ್ತರ ಅಂಚಿನಲ್ಲಿ ಅಮೃತಶಿಲೆಯ ಕಮಾನು. ಪ್ರಸಿದ್ಧವಾದ ಫಿಫ್ತ್ ಅವೆನ್ಯೂ ರಸ್ತೆ ಆರಂಭವಾಗುವುದು ಆ ಕಮಾನಿನಿಂದಲೇ.

1952ರಲ್ಲಿ ಈ ಉದ್ಯಾನದ ಮೂಲಕ ಮೋಟಾರು ರಸ್ತೆ ಹಾಯಿಸುವ ಯೋಜನೆ ಸಿದ್ಧವಾಯಿತು. ಯೋಜನೆಯ ಹಿಂದಿದ್ದವರು ರಾಬರ್ಟ್ ಮೋಸೆಸ್. 1934ರಿಂದ ನಗರದ ಉದ್ಯಾನಗಳ ಆಯುಕ್ತರಾಗಿದ್ದ ಅವರು ಒಂದೇ ಕಾಲದಲ್ಲಿ ಹಲವು ಹುದ್ದೆಗಳನ್ನು ಹಿಡಿದಿದ್ದ ಪ್ರಭಾವಿ. ನೂರಾರು ಮಕ್ಕಳ ಆಟದ ಮೈದಾನಗಳು, ಈಜುಕೊಳಗಳು, ಕಡಲತೀರದ ವಿಹಾರಧಾಮಗಳು, 1936ರ ಟ್ರೈಬರೋ ಸೇತುವೆ, ಇವೆಲ್ಲ ಅವರ ಕಾಲದ ಕೆಲಸಗಳು. ಅವರು ಸೋಮಾರಿಯಲ್ಲ, ಅಸಮರ್ಥರೂ ಅಲ್ಲ. ಆದರೆ ನಗರವೆಂದರೆ ವಾಹನಗಳು ಸುಗಮವಾಗಿ ಹರಿಯಬೇಕಾದ ಕೊಳಾಯಿಗಳ ಜಾಲ ಎಂಬುದು ಅವರ ನಂಬಿಕೆಯಾಗಿತ್ತು. ತಮಾಷೆಯೆಂದರೆ ಇಷ್ಟೆಲ್ಲ ರಸ್ತೆ ಕಟ್ಟಿಸಿದ ಆ ಮಹಾಶಯರು ಸ್ವತಃ ಕಾರು ಓಡಿಸುತ್ತಿರಲಿಲ್ಲ!

ಮಕ್ಕಳನ್ನು ಉದ್ಯಾನಕ್ಕೆ ಕರೆತರುತ್ತಿದ್ದ ತಾಯಂದಿರು ಮೊದಲು ಎಚ್ಚೆತ್ತರು. ಶರ್ಲಿ ಹೇಯ್ಸ್ ಎಂಬ ಗೃಹಿಣಿ 1952ರಲ್ಲಿ ನಿವಾಸಿಗಳ ಸಮಿತಿ ಕಟ್ಟಿದರು. ಅಧಿಕಾರಿಗಳು ಬಗೆಬಗೆಯ ರಾಜಿಸೂತ್ರ ಮುಂದಿಟ್ಟರು. ರಸ್ತೆಯನ್ನು ಕಿರಿದು ಮಾಡೋಣ ಎಂದರು, ತಗ್ಗಿನಲ್ಲಿ ಹಾಯಿಸೋಣ ಎಂದರು. ಸಮಿತಿಯ ಉತ್ತರ ಮಾತ್ರ ಒಂದೇ. ಹೊಸ ರಸ್ತೆ ಬೇಡ. ಈಗ ಉದ್ಯಾನದೊಳಗೆ ಓಡಾಡುತ್ತಿರುವ ವಾಹನಗಳೂ ಬೇಡ.

ಊಹೆ ಮತ್ತು ಪರೀಕ್ಷೆ

ಸಂಚಾರ ತಜ್ಞರ ವಾದ ಮೇಲ್ನೋಟಕ್ಕೆ ಸರಿಯೆನಿಸುವಂತಿತ್ತು. ಉದ್ಯಾನದ ದಾರಿ ಮುಚ್ಚಿದರೆ ಅಲ್ಲಿ ಹೋಗುತ್ತಿದ್ದ ವಾಹನಗಳು ಎಲ್ಲಿಗೆ ಹೋಗಬೇಕು? ಸುತ್ತಲಿನ ಬೀದಿಗಳಿಗೆ ನುಗ್ಗಲೇಬೇಕು. ಆ ಬೀದಿಗಳನ್ನು ಅಗಲಿಸದೆ ದಾರಿ ಮುಚ್ಚಿದರೆ ಸಂಚಾರವೆಲ್ಲ ಅಸ್ತವ್ಯಸ್ತವಾಗುತ್ತದೆ ಎಂದು ಅವರು ಎಚ್ಚರಿಸಿದರು.

ಇದಕ್ಕೆ ನಿವಾಸಿಗಳು ಕೊಟ್ಟ ಉತ್ತರವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ‘ನೀವು ಹೇಳುವುದು ಸುಳ್ಳು’ ಎಂದು ಅವರು ಕೂಗಾಡಲಿಲ್ಲ. ‘ಕೆಲವು ಕಾಲ ಮುಚ್ಚಿ ನೋಡೋಣ, ವಾಹನಗಳನ್ನು ಎಣಿಸೋಣ’ ಎಂದರು. ಊಹೆ ಸರಿಯೋ ತಪ್ಪೋ ಎಂಬುದನ್ನು ಎಣಿಕೆ ಹೇಳಲಿ ಎಂಬುದು ಅವರ ನಿಲುವು. 1958ರ ನವೆಂಬರ್ 1ರಂದು ಉದ್ಯಾನದ ದಾರಿಯನ್ನು ಪ್ರಾಯೋಗಿಕವಾಗಿ ಮುಚ್ಚಲಾಯಿತು. ಸಾಮಾನ್ಯವಾಗಿ ರಸ್ತೆಯ ಉದ್ಘಾಟನೆಗೆ ರಿಬ್ಬನ್ ಕತ್ತರಿಸುತ್ತಾರೆ. ಅಂದು ಅಲ್ಲಿ ನಡೆದದ್ದು ರಿಬ್ಬನ್ ಕಟ್ಟುವ ಸಮಾರಂಭ!

ಫಲಿತಾಂಶ ಏನಾಯಿತು? ಸುತ್ತಲಿನ ಬೀದಿಗಳಲ್ಲಿ ವಾಹನಗಳು ಹೆಚ್ಚಲಿಲ್ಲ. ಬಹುಪಾಲು ಎಣಿಕೆಗಳಲ್ಲಿ ಅವು ಸ್ವಲ್ಪ ಕಡಿಮೆಯೇ ಆಗಿದ್ದವು. ಮರುವರ್ಷ ಆ ತಾತ್ಕಾಲಿಕ ನಿಷೇಧ ಕಾಯಂ ಆಯಿತು.

ಹೋದ ವಾಹನಗಳು ಎಲ್ಲಿ?

ಕೊಳಾಯಿಯ ನೀರಿಗೆ ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಲ್ಲಿ ಒತ್ತಡ ಹೆಚ್ಚುತ್ತದೆ. ಆದರೆ ವಾಹನದಲ್ಲಿರುವುದು ನೀರಲ್ಲ, ಯೋಚಿಸುವ ಮನುಷ್ಯ. ಒಂದು ದಾರಿ ಕಷ್ಟವಾದರೆ ಕೆಲವರು ದೂರದಿಂದಲೇ ಬೇರೆ ಮಾರ್ಗ ಹಿಡಿಯುತ್ತಾರೆ. ಕೆಲವರು ಹೊರಡುವ ಹೊತ್ತು ಬದಲಿಸುತ್ತಾರೆ. ಕೆಲವರು ಬಸ್ಸು ಹತ್ತುತ್ತಾರೆ ಅಥವಾ ನಡೆದೇ ಹೋಗುತ್ತಾರೆ. ಹಾಗೆಯೇ ರಸ್ತೆ ಅಗಲವಾದರೆ, ಮನೆಯಲ್ಲೇ ಇರುತ್ತಿದ್ದ ವಾಹನವೂ ಬೀದಿಗಿಳಿಯುತ್ತದೆ. ಹೊಸದಾಗಿ ಅಗಲಿಸಿದ ರಸ್ತೆ ಕೆಲವೇ ವರ್ಷಗಳಲ್ಲಿ ಮತ್ತೆ ತುಂಬಿ ತುಳುಕುವುದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ಸೋಜಿಗದ ಸಂಗತಿಯೊಂದನ್ನು 1968ರಲ್ಲಿ ಡೀಟ್ರಿಚ್ ಬ್ರಾಸ್ ಎಂಬ ಜರ್ಮನ್ ಗಣಿತಜ್ಞ ತೋರಿಸಿಕೊಟ್ಟರು. ಹೊಸ ರಸ್ತೆ ಸೇರಿಸಿದರೆ ಕೆಲವೊಮ್ಮೆ ಎಲ್ಲರ ಪ್ರಯಾಣವೂ ನಿಧಾನವಾಗುತ್ತದೆ ಎಂಬುದೇ ಆ ಸಂಗತಿ. ನಂಬಿಕೆ ಬರುವುದಿಲ್ಲವೇ? ಪೆನ್ಸಿಲು, ಕಾಗದ ತೆಗೆದುಕೊಳ್ಳಿ.

4,000 ವಾಹನಗಳು ‘ಅ’ ಊರಿನಿಂದ ‘ಈ’ ಊರಿಗೆ ಹೋಗಬೇಕು. ನಡುವೆ ‘ಆ’ ಮತ್ತು ‘ಇ’ ಎಂಬ ಎರಡು ಊರುಗಳು. ಮೊದಲ ಮಾರ್ಗ ‘ಆ’ ಮೂಲಕ, ಎರಡನೆಯದು ‘ಇ’ ಮೂಲಕ. ‘ಅ’ದಿಂದ ‘ಆ’ಗೆ ಹೋಗುವ ರಸ್ತೆ ಕಿರಿದು, ಅಲ್ಲಿ ಹಿಡಿಯುವ ನಿಮಿಷಗಳು ವಾಹನಗಳ ಸಂಖ್ಯೆಯನ್ನು 100ರಿಂದ ಭಾಗಿಸಿದಷ್ಟು. ‘ಆ’ದಿಂದ ‘ಈ’ಗೆ ಅಗಲವಾದ ರಸ್ತೆ, ಎಷ್ಟೇ ವಾಹನಗಳಿದ್ದರೂ 45 ನಿಮಿಷ. ಎರಡನೆಯ ಮಾರ್ಗದಲ್ಲಿ ಇದು ತಿರುವುಮುರುವು. ‘ಅ’ದಿಂದ ‘ಇ’ಗೆ ಅಗಲ ರಸ್ತೆ, 45 ನಿಮಿಷ, ‘ಇ’ಯಿಂದ ‘ಈ’ಗೆ ಕಿರಿದಾದ ರಸ್ತೆ. ವಾಹನಗಳು ಸಮನಾಗಿ ಹಂಚಿಹೋಗುತ್ತವೆ, ಒಂದೊಂದು ಮಾರ್ಗಕ್ಕೆ 2,000. ಪ್ರತಿಯೊಬ್ಬರಿಗೂ ಹಿಡಿಯುವ ಕಾಲ 20 ಕೂಡಿಸು 45, ಅಂದರೆ 65 ನಿಮಿಷ.

ಈಗ ‘ಆ’ ಮತ್ತು ‘ಇ’ ನಡುವೆ ಕ್ಷಣಮಾತ್ರದಲ್ಲಿ ದಾಟಬಹುದಾದ ಅಡ್ಡರಸ್ತೆ ಕಟ್ಟೋಣ. ‘ಅ’ದಲ್ಲಿ ನಿಂತ ಚಾಲಕ ಲೆಕ್ಕ ಹಾಕುತ್ತಾನೆ: ಕಿರಿದಾದ ರಸ್ತೆಯಲ್ಲಿ ಎಲ್ಲ 4,000 ವಾಹನಗಳು ಬಂದರೂ 40 ನಿಮಿಷ, ಅಗಲ ರಸ್ತೆಯ 45ಕ್ಕಿಂತ ಕಡಿಮೆಯೇ. ಹಾಗಾಗಿ ಎಲ್ಲರೂ ‘ಆ’ಗೆ ಹೋಗುತ್ತಾರೆ, ಅಡ್ಡರಸ್ತೆ ಹಿಡಿದು ‘ಇ’ಗೆ ಬರುತ್ತಾರೆ, ಮತ್ತೆ ಕಿರಿದಾದ ರಸ್ತೆಯಲ್ಲೇ ‘ಈ’ ತಲುಪುತ್ತಾರೆ. ಒಟ್ಟು 40 ಕೂಡಿಸು 40, ಅಂದರೆ 80 ನಿಮಿಷ! ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಜಾಣತನದ ಆಯ್ಕೆ ಮಾಡಿದರು. ಫಲವಾಗಿ ಎಲ್ಲರಿಗೂ 15 ನಿಮಿಷ ನಷ್ಟ. ಅಡ್ಡರಸ್ತೆ ಮುಚ್ಚಿದರೆ ಎಲ್ಲರಿಗೂ ಲಾಭ.

ಎಲ್ಲ ರಸ್ತೆಗಳೂ ಹೀಗೆ ಎಂದು ಅರ್ಥವಲ್ಲ. ರಸ್ತೆ ಹೆಚ್ಚಿದರೆ ದಟ್ಟಣೆ ಕಡಿಮೆಯಾಗಲೇಬೇಕು ಎಂಬುದು ಸ್ವಯಂಸಿದ್ಧ ಸತ್ಯವಲ್ಲ, ಪರೀಕ್ಷಿಸಿ ನೋಡಬೇಕಾದ ಊಹೆ ಎಂಬುದಷ್ಟೇ ಇದರ ಪಾಠ. ದಕ್ಷಿಣ ಕೊರಿಯದ ರಾಜಧಾನಿ ಸೋಲ್‌ನಲ್ಲಿ 2003ರಲ್ಲಿ ಒಂದು ಮೇಲುಸೇತುವೆ ಹೆದ್ದಾರಿಯನ್ನೇ ಕೆಡವಿ, ಅದರಡಿ ಹೂತುಹೋಗಿದ್ದ ಚಂಗ್ಯೆಚನ್ ತೊರೆಯನ್ನು 2005ರಲ್ಲಿ ಮತ್ತೆ ಹರಿಯಬಿಟ್ಟರು. ಬೆಂಗಳೂರಿನಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟನ್ನು ವಾಹನಗಳಿಗೆ ಮುಚ್ಚಿ ಪ್ರಯೋಗ ನಡೆಸಲಾಗಿತ್ತು.

ಹದಿನಾಲ್ಕು ಚೌಕಗಳ ಅಳಿವು ಉಳಿವು

ವಾಷಿಂಗ್ಟನ್ ಚೌಕದ ಹೋರಾಟದಲ್ಲಿದ್ದವರಲ್ಲಿ ಜೇನ್ ಜೇಕಬ್ಸ್ ಒಬ್ಬರು. 1916ರಲ್ಲಿ ಜನಿಸಿದ ಆಕೆ ವಾಸ್ತುಶಿಲ್ಪಕ್ಕೆ ಸಂಬಂಧಿಸಿದ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಭೂವಿಜ್ಞಾನ, ಅರ್ಥಶಾಸ್ತ್ರ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಓದಿದರೇ ಹೊರತು ಪದವಿ ಪಡೆಯಲಿಲ್ಲ. ಗ್ರೀನಿಚ್ ವಿಲೇಜಿನ ಪಶ್ಚಿಮ ಭಾಗದ ಹಡ್ಸನ್ ಬೀದಿಯಲ್ಲಿ ಆಕೆಯ ಕುಟುಂಬ 1947ರಲ್ಲಿ ಕೊಂಡ ಹಳೆಯ ಮನೆಯ ಕೆಳ ಅಂತಸ್ತು ಹಿಂದೆ ಮಿಠಾಯಿ ಅಂಗಡಿಯಾಗಿತ್ತು.

1961ರ ಫೆಬ್ರವರಿಯಲ್ಲಿ ಆ ಬೀದಿಯವರಿಗೆ ಬರಸಿಡಿಲಿನಂಥ ಸುದ್ದಿ ಬಂತು. ಅವರ ಮನೆಗಳಿದ್ದ 14 ಚೌಕಗಳ ಪ್ರದೇಶವನ್ನು ‘ಪುನರಾಭಿವೃದ್ಧಿ’ಗಾಗಿ ಪರಿಶೀಲಿಸಲು ನಗರಾಡಳಿತ ಹೊರಟಿತ್ತು. 1949ರ ವಸತಿ ಕಾಯಿದೆಯ ಪ್ರಕಾರ, ಒಂದು ಪ್ರದೇಶವನ್ನು ಕೊಳೆಗೇರಿ ಎಂದು ಘೋಷಿಸಿದರೆ ನಗರಾಡಳಿತ ಅಲ್ಲಿನ ಆಸ್ತಿಯನ್ನು ವಶಪಡಿಸಿಕೊಂಡು, ನೆಲಸಮ ಮಾಡಿ, ಖಾಸಗಿ ನಿರ್ಮಾಪಕರಿಗೆ ಕೊಡಬಹುದಿತ್ತು. ಅದರಿಂದಾಗುವ ನಿವ್ವಳ ವೆಚ್ಚದ ಮೂರನೇ ಎರಡು ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತಿತ್ತು. ಅಂದರೆ ‘ಕೊಳೆಗೇರಿ’ ಎಂಬ ಒಂದು ಪದ ಅಂಟಿತೆಂದರೆ ಮುಗಿಯಿತು. ಮನೆ ಹೋಯಿತು, ಅಂಗಡಿ ಹೋಯಿತು, ನೆರೆಹೊರೆಯೂ ಹೋಯಿತು.

ಬೀದಿಯವರು ಸಂಘ ಕಟ್ಟಿದರು. ಮನೆಮನೆಗೆ ಹೋಗಿ ತಾವೇ ಸಮೀಕ್ಷೆ ಮಾಡಿದರು. ಕಟ್ಟಡಗಳ ಸ್ಥಿತಿ ಹೇಗಿದೆ, ಯಾರು ಎಷ್ಟು ಜನ ಇದ್ದಾರೆ, ಯಾವ ಕಸುಬು ನಡೆಯುತ್ತಿದೆ ಎಂದು ಬರೆದಿಟ್ಟರು. ಕೆಡವಬೇಕಾದ ಕಟ್ಟಡಗಳ ಕಿಟಕಿಗೆ ಕತ್ತರಿ ಗುರುತು ಹಾಕುವ ರೂಢಿ ಅಲ್ಲಿತ್ತು. ಸಂಘದವರು ತಂಪು ಕನ್ನಡಕದ ಗಾಜಿನ ಮೇಲೆ ಬಿಳಿ ಪಟ್ಟಿಯಿಂದ ಅದೇ ಗುರುತು ಅಂಟಿಸಿಕೊಂಡು ಅಧಿಕಾರಿಗಳ ಮುಂದೆ ನಿಂತರು. ವರ್ಷ ತುಂಬುವಷ್ಟರಲ್ಲಿ, 1962ರ ಆರಂಭದಲ್ಲಿ, ಕೊಳೆಗೇರಿ ಎಂಬ ಹಣೆಪಟ್ಟಿಯನ್ನು ನಗರಾಡಳಿತ ಕಿತ್ತುಹಾಕಬೇಕಾಯಿತು.

ಸಂಘ ಅಷ್ಟಕ್ಕೇ ಸುಮ್ಮನಾಗಲಿಲ್ಲ. ‘ಬೇಡ’ ಎಂದವರು ‘ಏನು ಬೇಕು’ ಎಂಬುದನ್ನೂ ಹೇಳಬೇಕಲ್ಲವೇ? ಖಾಲಿ ಬಿದ್ದಿದ್ದ ಜಾಗಗಳಲ್ಲೇ ತಗ್ಗು ಎತ್ತರದ ಮನೆಗಳನ್ನು ಕಟ್ಟುವ ಬದಲಿ ಯೋಜನೆಯನ್ನು ತಾವೇ ಮುಂದಿಟ್ಟರು. ಒಬ್ಬ ಮನುಷ್ಯನೂ, ಒಂದು ಗುಬ್ಬಚ್ಚಿಯೂ ಎತ್ತಂಗಡಿಯಾಗಬಾರದು ಎಂಬುದು ಅದರ ಘೋಷವಾಕ್ಯ. 1970ರ ದಶಕದ ನಡುವಿನಲ್ಲಿ ಅಂಥ 420 ಮನೆಗಳು ಎದ್ದು ನಿಂತವು.

ನಗರ ಎಂಥ ಸಮಸ್ಯೆ?

1961ರಲ್ಲೇ ಜೇಕಬ್ಸ್ ಅವರ ‘ಅಮೆರಿಕದ ಮಹಾನಗರಗಳ ಅಳಿವು ಮತ್ತು ಬಾಳು’ ಎಂಬ ಗ್ರಂಥ ಪ್ರಕಟವಾಯಿತು. ಅದರ ಕೊನೆಯ ಅಧ್ಯಾಯಕ್ಕೆ ಆಧಾರ ವಾರೆನ್ ವೀವರ್ ಎಂಬ ವಿಜ್ಞಾನಿ 1948ರಲ್ಲಿ ಬರೆದಿದ್ದ ವಿಚಾರ. ವಿಜ್ಞಾನದ ಸಮಸ್ಯೆಗಳು ಮೂರು ಬಗೆ ಎಂದರು ವೀವರ್. ಅನಿಲದ ಒತ್ತಡ ಹೆಚ್ಚಿದರೆ ಗಾತ್ರ ಕುಗ್ಗುತ್ತದೆ ಎಂಬಂಥ, ಎರಡೇ ಅಂಶಗಳಿರುವ ಸರಳ ಸಮಸ್ಯೆ ಮೊದಲನೆಯದು. ಅದೇ ಅನಿಲದ ಕೋಟ್ಯಂತರ ಅಣುಗಳ ಗೊತ್ತುಗುರಿಯಿಲ್ಲದ ಚಲನೆ ಎರಡನೆಯದು. ಅಲ್ಲಿ ಸರಾಸರಿಯ ಲೆಕ್ಕ ಸಾಕು. ಮೂರನೆಯದು ಜೀವಕೋಶದಂಥದು. ಅಂಶಗಳು ಅನೇಕ, ಆದರೆ ಗೊಂದಲವಿಲ್ಲ. ಒಂದಕ್ಕೊಂದು ಹೆಣೆದುಕೊಂಡು ಕೆಲಸ ಮಾಡುತ್ತವೆ.

ನಗರವೂ ಮೂರನೆಯ ಬಗೆಯದು ಎಂದು ಜೇಕಬ್ಸ್ ವಾದಿಸಿದರು. ಮುಂಜಾನೆ ಬಾಗಿಲು ತೆರೆಯುವ ಅಂಗಡಿಯಾತ, ಶಾಲೆಗೆ ಹೊರಟ ಮಕ್ಕಳು, ಮಧ್ಯಾಹ್ನ ಊಟಕ್ಕೆ ಬರುವ ಕೆಲಸಗಾರರು, ಸಂಜೆ ಕಿಟಕಿಯಲ್ಲಿ ಕುಳಿತ ಅಜ್ಜಿ, ಇವರೆಲ್ಲರ ಕಣ್ಣು ಬೀದಿಯ ಮೇಲಿರುವುದರಿಂದಲೇ ಆ ಬೀದಿ ಸುರಕ್ಷಿತ. ಹಳೆಯ ಕಟ್ಟಡದ ಬಾಡಿಗೆ ಕಡಿಮೆ ಇರುವುದರಿಂದಲೇ ಸಣ್ಣ ಕಸುಬುದಾರ ಅಲ್ಲಿ ಬದುಕಬಲ್ಲ. ಒಂದು ಎಳೆ ಎಳೆದರೆ ಇಡೀ ನೇಯ್ಗೆ ಸಡಿಲಾಗುತ್ತದೆ. ಇದು ನಕ್ಷೆಯಲ್ಲಿ ಕಾಣುವುದಿಲ್ಲ, ಬೀದಿಯಲ್ಲಿ ನಿಂತರೆ ಕಾಣುತ್ತದೆ.

ಈ ಕಥೆಗೆ ಇನ್ನೊಂದು ಮುಖವೂ ಇದೆ. 1969ರಲ್ಲಿ ಗ್ರೀನಿಚ್ ವಿಲೇಜಿನ ದೊಡ್ಡ ಭಾಗವನ್ನು ಪಾರಂಪರಿಕ ಪ್ರದೇಶವೆಂದು ಘೋಷಿಸಿ, 2,000ಕ್ಕೂ ಹೆಚ್ಚು ಕಟ್ಟಡಗಳಿಗೆ ರಕ್ಷಣೆ ನೀಡಲಾಯಿತು. ಬಡಾವಣೆ ಉಳಿಯಿತು, ಹೆಸರುವಾಸಿಯಾಯಿತು. ಅದರ ಜೊತೆಗೇ ದುಬಾರಿಯೂ ಆಯಿತು. ಇಂದು ಅದು ನ್ಯೂಯಾರ್ಕಿನ ಅತಿ ದುಬಾರಿ ಪ್ರದೇಶಗಳಲ್ಲೊಂದು. ಅಂದು ಮನೆ ಉಳಿಸಲು ಹೋರಾಡಿದಂಥ ದುಡಿಯುವ ಕುಟುಂಬ ಇಂದು ಅಲ್ಲಿ ಬಾಡಿಗೆಗೆ ಹೋಗುವುದೂ ಕಷ್ಟ. ಗೋಡೆ ಉಳಿಸಿದರೆ ಸಾಲದು, ಗೋಡೆಯೊಳಗಿನ ಜನರೂ ಉಳಿಯುವ ದಾರಿ ಹುಡುಕಬೇಕು. ಅದಿನ್ನೂ ಬಿಡಿಸದ ಲೆಕ್ಕ. ಬಹುಶಃ ಇಂದಿನ ವಿದ್ಯಾರ್ಥಿಗಳು ಬಿಡಿಸಬೇಕಾದದ್ದು.

ಮಾಡಿ ನೋಡಿ

ಈ ರಜೆಯಲ್ಲಿ ನಾಲ್ಕು ಮಂದಿ ಗೆಳೆಯರು ಸೇರಿ ನಿಮ್ಮ ಬೀದಿಯ ಲೆಕ್ಕ ತೆಗೆಯಿರಿ. ಕಾಲುದಾರಿಯಲ್ಲೋ ಯಾರದಾದರೂ ಜಗಲಿಯಲ್ಲೋ ಸುರಕ್ಷಿತವಾಗಿ ಕುಳಿತು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹದಿನೈದು ಹದಿನೈದು ನಿಮಿಷ ಎಣಿಸಿ. ಕಾರು, ಸ್ಕೂಟರು, ಆಟೋ, ಬಸ್ಸು, ಸೈಕಲ್, ನಡೆದು ಹೋಗುವವರು ಎಂದು ಆರು ಕಲಂ ಮಾಡಿ. ನಾಲ್ಕು ನೇರ ಗೆರೆ, ಐದನೆಯದಕ್ಕೆ ಅಡ್ಡಗೆರೆ. ಒಂದೇ ದಿನದ ಎಣಿಕೆ ನಂಬಬೇಡಿ. ಒಂದು ವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಎಣಿಸಿ ಸರಾಸರಿ ತೆಗೆಯಿರಿ. ಎಣಿಸುವ ಮುನ್ನ ‘ನಡೆದು ಹೋಗುವವರು ಹೆಚ್ಚೋ, ಕಾರಿನಲ್ಲಿ ಹೋಗುವವರು ಹೆಚ್ಚೋ’ ಎಂಬ ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಡುವುದನ್ನು ಮರೆಯಬೇಡಿ. ಕೊನೆಯಲ್ಲಿ ಹೋಲಿಸಿ ನೋಡಿದಾಗ ಆಶ್ಚರ್ಯವಾದರೂ ಆದೀತು.

ತಂದೆತಾಯಿಗಳಿಗೂ ಒಂದು ಮಾತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ಹೇಳಿದೆ. ರಸ್ತೆ ಅಗಲಿಸುವ ನಕ್ಷೆ ಬಂದ ಮೇಲೆ ಗೋಳಾಡುವುದಕ್ಕಿಂತ, ಮಕ್ಕಳು ತಯಾರಿಸಿದ ಆ ಹಾಳೆಯನ್ನು ಮುಂಚೆಯೇ ನಿಮ್ಮ ಬಡಾವಣೆಯ ಸಂಘದ ಸಭೆಯಲ್ಲಿಡಿ. ‘ನನಗೆ ಹಾಗನ್ನಿಸುತ್ತದೆ’ ಎನ್ನುವವರ ನಡುವೆ ‘ಎಣಿಸಿ ನೋಡಿದ್ದೇವೆ’ ಎನ್ನುವವರ ಮಾತಿಗೆ ತೂಕ ಹೆಚ್ಚು.